ಕಣ್ಣು ಚೆನ್ನಾಗಿದೆ, ನೋಟ ಮಾತ್ರ ಕೆಳಗಿಳಿಯುತ್ತಿಲ್ಲ

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದಾರೆ, ನಿವೃತ್ತ ಮೇಷ್ಟ್ರು. ಎರಡೂವರೆ ವರ್ಷದ ಹಿಂದೆ ನಡಿಗೆ ನಿಧಾನವಾಯಿತು. ನಿಂತಲ್ಲೇ ಹಿಂದಕ್ಕೆ ಬೀಳತೊಡಗಿದರು. ಪಾರ್ಕಿನ್ಸನ್ ಎಂದು ಮಾತ್ರೆ ಶುರು ಮಾಡಿದರು, ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಅದೇ ಸುಮಾರಿಗೆ ‘ಕಣ್ಣು ಸರಿಯಾಗಿ ಕಾಣ್ತಿಲ್ಲ’ ಎನ್ನಲು ಶುರು ಮಾಡಿದರು. ಪೇಪರ್ ಓದುವಾಗ ಸಾಲು ತಪ್ಪುತ್ತದೆ. ಮೆಟ್ಟಿಲು ಇಳಿಯಲು ಹೆದರುತ್ತಾರೆ. ಊಟಕ್ಕೆ ಕೂತರೆ ಅನ್ನ ತಟ್ಟೆಯ ಹೊರಗೆ, ಸಾರು ಅಂಗಿಯ ಮೇಲೆ. ಮೂರು ಸಲ ಕನ್ನಡಕ ಬದಲಾಯಿಸಿದೆವು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಕಣ್ಣಿನ ಡಾಕ್ಟರು ದೃಷ್ಟಿ ಚೆನ್ನಾಗಿದೆ ಎನ್ನುತ್ತಾರೆ. ಹೋದ ತಿಂಗಳು ಬೆಂಗಳೂರಿನಲ್ಲಿ ನರರೋಗ ತಜ್ಞರೊಬ್ಬರು ಕಣ್ಣಿನ ಮುಂದೆ ಬೆರಳು ಮೇಲೆ ಕೆಳಗೆ ಆಡಿಸಿ ನೋಡಿ, ‘ಇದು ಪಾರ್ಕಿನ್ಸನ್ ಅಲ್ಲ, ಪಿಎಸ್‌ಪಿ ಇರಬಹುದು’ ಅಂದರು. ಸ್ಕ್ಯಾನ್ ಆಮೇಲೆ ಬರೆದುಕೊಟ್ಟರು. ಬರೀ ಬೆರಳು ಆಡಿಸಿ ಮಿದುಳಿನ ಕಾಯಿಲೆ ಹೇಳಲು ಸಾಧ್ಯವೇ? ಪೊರೆ ಆಪರೇಷನ್‌ನಿಂದ ಹೀಗಾಯಿತೇ? ಇನ್ನೊಂದು ಕಣ್ಣಿಗೆ ಮಾಡಿಸಬಹುದೇ? ನೆಂಟರೊಬ್ಬರು ತ್ರಾಟಕ ಮಾಡಿಸಿ, ಲಕ್ಷ್ಮಣ ಫಲದ ಎಲೆ ಕಷಾಯ ಕೊಡಿ ಎನ್ನುತ್ತಿದ್ದಾರೆ. ಇನ್ನೊಂದು ಮಾತು: ಈಚೆಗೆ ನನ್ನ ಎಡಗಣ್ಣಿನ ರೆಪ್ಪೆ ಪದೇ ಪದೇ ಅದುರುತ್ತದೆ. ಇದು ವಂಶದಲ್ಲಿ ಬರುವ ಕಾಯಿಲೆಯೇ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ. ಆದರೆ ಎಲ್ಲದರ ಹಿಂದೆ ಒಂದೇ ಸಂಕಟ ಕಾಣುತ್ತಿದೆ. ಎರಡು ವರ್ಷ ಅಲೆದಾಡಿ, ಕನ್ನಡಕ, ಆಪರೇಷನ್, ಮಾತ್ರೆ ಎಲ್ಲಾ ಆದ ಮೇಲೆ ಯಾರೋ ಎರಡು ನಿಮಿಷದಲ್ಲಿ ಬೇರೆಯೇ ಹೆಸರು ಹೇಳಿಬಿಟ್ಟರೆ ನಂಬುವುದು ಹೇಗೆ, ಅಲ್ವಾ? ನಿಮ್ಮ ಅನುಮಾನ ಸಹಜ. ನೇರವಾಗಿ ಹೇಳುತ್ತೇನೆ: ಆ ಡಾಕ್ಟರು ಮಾಡಿದ್ದು ಸರಿಯಾದ ಪರೀಕ್ಷೆ. ಈ ಕಾಯಿಲೆಯನ್ನು ಗುರುತಿಸಲು ಕಣ್ಣಿನ ಚಲನೆಗಿಂತ ಒಳ್ಳೆಯ ಸುಳಿವು ಇವತ್ತಿಗೂ ಇನ್ನೊಂದಿಲ್ಲ. ಸ್ಕ್ಯಾನ್ ಅದಕ್ಕೆ ಬೆಂಬಲ ಕೊಡುತ್ತದೆ, ಅಷ್ಟೇ. ನಾನು ನಿಮ್ಮ ತಂದೆಯವರನ್ನು ನೋಡಿಲ್ಲ, ಹಾಗಾಗಿ ಅವರಿಗೆ ಪಿಎಸ್‌ಪಿಯೇ (ಪಾರ್ಕಿನ್ಸನ್‌ನಂತೆ ಕಾಣುವ ಇನ್ನೊಂದು ಮಿದುಳಿನ ಕಾಯಿಲೆ) ಇದೆ ಎಂದು ಇಲ್ಲಿಂದ ಹೇಳಲಾರೆ. ಆದರೆ ಹಿಂದಕ್ಕೆ ಬೀಳುವುದು, ಮಾತ್ರೆಗೆ ಜಗ್ಗದಿರುವುದು, ತಟ್ಟೆ ಮತ್ತು ಮೆಟ್ಟಿಲಿನ ತೊಂದರೆ, ಈ ಮೂರೂ ಒಟ್ಟಿಗೆ ಬಂದಾಗ ನಾನೂ ಮೊದಲು ಕಣ್ಣುಗುಡ್ಡೆ ಕೆಳಗೆ ಹೋಗುತ್ತದೆಯೇ ಎಂದೇ ನೋಡುತ್ತಿದ್ದೆ.

ಕಣ್ಣಿಗೆ ಎರಡು ಕೆಲಸ. ಒಂದು ಕಾಣುವುದು. ಇನ್ನೊಂದು, ಕಾಣಬೇಕಾದ ಕಡೆಗೆ ತಿರುಗುವುದು. ಕಣ್ಣಿನ ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರಲ್ಲ, ಅದು ಮೊದಲನೆಯ ಕೆಲಸದ ಪರೀಕ್ಷೆ. ಬೋರ್ಡು ನೇರ ಎದುರಿಗೇ ಇರುತ್ತದೆ. ಕಣ್ಣು ಕೆಳಗಿಳಿಯದವರೂ ಅದನ್ನು ಪೂರ್ತಿ ಓದುತ್ತಾರೆ. ಹಾಗಾಗಿ ‘ದೃಷ್ಟಿ ಚೆನ್ನಾಗಿದೆ’ ಎಂದ ಕಣ್ಣಿನ ಡಾಕ್ಟರು ತಪ್ಪು ಹೇಳಿಲ್ಲ. ‘ಕಾಣ್ತಿಲ್ಲ’ ಎನ್ನುವ ನಿಮ್ಮ ತಂದೆಯವರೂ ಸುಳ್ಳು ಹೇಳುತ್ತಿಲ್ಲ. ಪೇಪರ್, ತಟ್ಟೆ, ಮೆಟ್ಟಿಲು, ಚಪ್ಪಲಿ ಎಲ್ಲವೂ ಕೆಳಗಿರುವ ವಸ್ತುಗಳು. ಆ ಕಡೆಗೆ ನೋಟವೇ ಹೋಗದಿದ್ದರೆ ಕಾಣುವುದಾದರೂ ಹೇಗೆ?

ನಾವು ಎಚ್ಚರವಿರುವಷ್ಟು ಹೊತ್ತೂ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚಕ್ಕನೆ ಜಿಗಿಯುತ್ತದೆ. ಈ ಜಿಗಿತಕ್ಕೆ ವೈದ್ಯರು ಸಕೇಡ್ ಎನ್ನುತ್ತಾರೆ. ದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು, ದೊಡ್ಡ ಜಿಗಿತದ ವೇಗ ಸೆಕೆಂಡಿಗೆ 500 ಡಿಗ್ರಿಯನ್ನೂ ಮುಟ್ಟುತ್ತದೆ. ಅಷ್ಟು ವೇಗ ಬೇಕಾದರೆ ಮಿದುಳಿನಲ್ಲಿ ಕೆಲವು ನರಕೋಶಗಳು ಒಮ್ಮೆಲೇ ಜೋರಾಗಿ ಸಂಕೇತ ಕಳಿಸಬೇಕು. ಈ ಕೋಶಗಳಿರುವ ಜಾಗ ನಮಗೆ ಚೆನ್ನಾಗಿ ಗೊತ್ತು. ಕಣ್ಣನ್ನು ಮೇಲೆ ಕೆಳಗೆ ಜಿಗಿಸುವ ಗುಂಪು ನಡುಮಿದುಳಿನ ಮೇಲ್ತುದಿಯಲ್ಲಿದೆ. ಎಡಕ್ಕೆ ಬಲಕ್ಕೆ ಜಿಗಿಸುವ ಗುಂಪು ಅದಕ್ಕಿಂತ ಕೆಳಗೆ, ಪಾನ್ಸ್ ಎಂಬ ಭಾಗದಲ್ಲಿದೆ. ಎರಡೂ ಚಿಕ್ಕ ಚಿಕ್ಕ ಜಾಗಗಳು. ಕಣ್ಣು ಯಾವ ದಿಕ್ಕಿಗೆ ಸೋತಿದೆ ಎಂದು ನೋಡಿದರೆ ಮಿದುಳಿನ ಯಾವ ಭಾಗ ಸೋತಿದೆ ಎಂದು ಹೇಳಬಹುದು. ಬೆರಳು ಆಡಿಸುವುದರ ಹಿಂದೆ ಇರುವುದು ಇದೇ ಲೆಕ್ಕಾಚಾರ.

ಪಿಎಸ್‌ಪಿ ಎಂದರೆ ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಟಾವ್ ಎಂಬ ಪ್ರೋಟೀನು ನರಕೋಶಗಳ ಒಳಗೆ ಗಂಟುಗಂಟಾಗಿ ಕಟ್ಟಿಕೊಂಡು ಅವು ಸಾಯುತ್ತವೆ. ಈ ಹಾಳಾಗುವಿಕೆ ನಡುಮಿದುಳಿನಲ್ಲಿ ಬಹಳ ಬೇಗ ಮತ್ತು ಜಾಸ್ತಿ. ಅದಕ್ಕೇ ಮೇಲೆ ಕೆಳಗಿನ ಜಿಗಿತ ಮೊದಲು ಕೆಡುತ್ತದೆ. ಪಕ್ಕದ ಚಲನೆ ಎಷ್ಟೋ ಕಾಲ ಸರಿ ಇರುತ್ತದೆ.

ಕೆಡುವುದರಲ್ಲೂ ಒಂದು ಕ್ರಮವಿದೆ. ಇದು ಗೊತ್ತಿಲ್ಲದೆ ಹೋದರೆ ಕಾಯಿಲೆ ವರ್ಷಗಟ್ಟಲೆ ಕೈತಪ್ಪುತ್ತದೆ. ಮೊದಲು ಕಡಿಮೆಯಾಗುವುದು ವೇಗ. ಕಣ್ಣು ಕೆಳಗೆ ಹೋಗುತ್ತದೆ, ಆದರೆ ಜಿಗಿಯುವುದಿಲ್ಲ, ತೆವಳಿಕೊಂಡು ಹೋಗುತ್ತದೆ. ಕೆಲವರಲ್ಲಿ ನೇರ ಇಳಿಯದೆ ಪಕ್ಕಕ್ಕೆ ಬಾಗಿ ಸುತ್ತು ಹಾಕಿ ಇಳಿಯುತ್ತದೆ. ಎಷ್ಟು ದೂರ ಹೋಗಬಲ್ಲದು ಎನ್ನುವುದು ಕುಗ್ಗುವುದು ಆಮೇಲೆ. ಪರೀಕ್ಷೆ ಮಾಡುವವರು ಬೆರಳನ್ನು ನಿಧಾನವಾಗಿ ಆಡಿಸಿ ‘ನೋಡ್ತಾ ಬನ್ನಿ’ ಎಂದರೆ ಶುರುವಿನ ಕಾಯಿಲೆ ಅಡಗಿಕೊಂಡುಬಿಡುತ್ತದೆ. ಏಕೆಂದರೆ ನಿಧಾನವಾಗಿ ಹಿಂಬಾಲಿಸುವುದು ಬೇರೆ ಕೆಲಸ, ಜಿಗಿಯುವುದು ಬೇರೆ ಕೆಲಸ. ಒಂದು ಬೆರಳನ್ನು ಮೇಲೆ, ಒಂದು ಪೆನ್ನನ್ನು ಕೆಳಗೆ ಹಿಡಿದು ‘ಬೆರಳು ನೋಡಿ, ಪೆನ್ನು ನೋಡಿ, ಬೆರಳು, ಪೆನ್ನು’ ಎಂದು ಚುರುಕಾಗಿ ನೋಟ ಬದಲಿಸಲು ಹೇಳಬೇಕು. ಪಟ್ಟೆ ಪಟ್ಟೆಯ ಟೇಪನ್ನು ಕಣ್ಣೆದುರು ಮೇಲಕ್ಕೆ ಎಳೆಯುವ ಪರೀಕ್ಷೆಯೂ ಇದೆ. ಸರಿಯಾದ ಕಣ್ಣು ಪಟ್ಟೆಯ ಜೊತೆ ಮೇಲೆ ಹೋಗಿ, ಚಕ್ಕನೆ ಕೆಳಗೆ ಜಿಗಿದು ಮುಂದಿನ ಪಟ್ಟೆಯನ್ನು ಹಿಡಿಯುತ್ತದೆ. ಪಿಎಸ್‌ಪಿಯಲ್ಲಿ ಮೇಲೆ ಹೋದ ಕಣ್ಣಿಗೆ ಆ ಜಿಗಿತ ಬರುವುದಿಲ್ಲ. ಇದಕ್ಕೆ ಮೆಷಿನ್ ಬೇಡ, ಬಿಲ್ಲೂ ಇಲ್ಲ. ಬೇಕಾಗುವುದು ಎರಡು ನಿಮಿಷ ಮತ್ತು ಗಮನ. ಪಾರ್ಕಿನ್ಸನ್ ಎಂದು ಬರೆದ ಪ್ರತಿ ಚೀಟಿಯಲ್ಲೂ ಈ ಪರೀಕ್ಷೆಯ ಫಲಿತಾಂಶ ಒಂದು ಸಾಲು ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಲೆ ಎಣಿಸಲಾಗದಷ್ಟು ರೋಗಿಗಳಿರುವ ಓಪಿಡಿಗಳಲ್ಲಿ ಮೊದಲು ಬಿಟ್ಟುಹೋಗುವುದು ಇಂಥ ಪರೀಕ್ಷೆಗಳೇ ಎನ್ನುವುದೂ ನನಗೆ ಗೊತ್ತು.

ಇನ್ನೊಂದು ಪರೀಕ್ಷೆಯನ್ನು ನೀವು ಬಹುಶಃ ನೋಡಿರುತ್ತೀರಿ. ಡಾಕ್ಟರು ತಂದೆಯವರ ತಲೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಬಾಗಿಸಿ, ‘ನನ್ನ ಮೂಗನ್ನೇ ನೋಡ್ತಾ ಇರಿ’ ಎಂದಿರಬಹುದು. ತಾನಾಗಿ ಕೆಳಗೆ ಹೋಗದ ಕಣ್ಣು, ತಲೆ ಮೇಲಕ್ಕೆತ್ತಿದಾಗ ಕೆಳಗೆ ಹೋಯಿತು ಎಂದುಕೊಳ್ಳಿ. ಅಂದರೆ ಕಣ್ಣಿನ ಸ್ನಾಯು ಸರಿ ಇದೆ, ಅದಕ್ಕೆ ಹೋಗುವ ನರವೂ ಸರಿ ಇದೆ. ‘ಕೆಳಗೆ ನೋಡು’ ಎಂಬ ಅಪ್ಪಣೆ ಮಾತ್ರ ಮೇಲಿನಿಂದ ಬರುತ್ತಿಲ್ಲ. ಕಾಯಿಲೆಯ ಉದ್ದನೆಯ ಹೆಸರಿನಲ್ಲಿರುವ ‘ಸುಪ್ರಾನ್ಯೂಕ್ಲಿಯರ್’ ಹೇಳುವುದೂ ಇದನ್ನೇ: ತೊಂದರೆ ಇರುವುದು ಕಣ್ಣಿನ ನರ ಹುಟ್ಟುವ ಜಾಗಕ್ಕಿಂತ ಮೇಲೆ. ಥೈರಾಯ್ಡ್‌ನಿಂದ ಕಣ್ಣಿನ ಸ್ನಾಯು ಬಿಗಿದಿದ್ದರೆ ಹೀಗೆ ತಲೆ ಎತ್ತಿದರೂ ಕಣ್ಣು ಅಲುಗುವುದಿಲ್ಲ.

ಈ ಕಾಯಿಲೆಯನ್ನು ಕಂಡುಹಿಡಿದದ್ದೂ ಹೀಗೆ ಕಣ್ಣು ನೋಡಿಯೇ. ಕೆನಡಾದ ಟೊರಾಂಟೊದಲ್ಲಿ ಕ್ಲಿಫರ್ಡ್ ರಿಚರ್ಡ್‌ಸನ್ ಎಂಬ ನರರೋಗ ತಜ್ಞರು 1950ರ ದಶಕದಲ್ಲಿ, ಪಾರ್ಕಿನ್ಸನ್‌ನಂತೆ ಕಂಡರೂ ಅದಲ್ಲದ ರೋಗಿಗಳನ್ನು ಗಮನಿಸಿದರು. ಅವರಿಗೆ ಕುತ್ತಿಗೆ ಸೆಟೆದಿತ್ತು, ಪದೇ ಪದೇ ಬೀಳುತ್ತಿದ್ದರು, ಕಣ್ಣು ಮೇಲೆ ಕೆಳಗೆ ಹೋಗುತ್ತಿರಲಿಲ್ಲ. ಜಾನ್ ಸ್ಟೀಲ್ ಆಗಿನ್ನೂ ತರಬೇತಿಯಲ್ಲಿದ್ದ ಯುವ ವೈದ್ಯ. ಯರ್ಜಿ ಓಲ್ಷೆವ್ಸ್ಕಿ ಮಿದುಳಿನ ಅಂಗಾಂಶ ಪರೀಕ್ಷಿಸುವವರು. ಮೂವರೂ ಸೇರಿ 1964ರಲ್ಲಿ ಒಂಬತ್ತು ರೋಗಿಗಳ ವಿವರ ಪ್ರಕಟಿಸಿದರು. ಆಗ ಎಂಆರ್‌ಐ ಇರಲಿಲ್ಲ. ಸಿಟಿ ಸ್ಕ್ಯಾನ್ ಕೂಡ ಇರಲಿಲ್ಲ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೋಗ ಗುರುತಿಸುವ ನಿಯಮಗಳನ್ನು ಹೊಸದಾಗಿ ಬರೆದಾಗಲೂ ಕಣ್ಣಿನ ಚಲನೆಗೆ ಮೇಲಿನ ಜಾಗವನ್ನೇ ಕೊಟ್ಟರು. ನೋಟ ಕೆಳಗಿಳಿಯದಿರುವುದನ್ನಷ್ಟೇ ಅಲ್ಲ, ಜಿಗಿತದ ವೇಗ ಕಡಿಮೆಯಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮೊದಲ ಮೂರು ವರ್ಷದೊಳಗೆ ಕಾರಣವಿಲ್ಲದೆ ಪದೇ ಪದೇ ಬೀಳುವುದಕ್ಕೂ ಅಷ್ಟೇ ಮಹತ್ವವಿದೆ.

ಮೊದಲು ಪಾರ್ಕಿನ್ಸನ್ ಎಂದು ಹೇಳಿ ಆಮೇಲೆ ಹೆಸರು ಬದಲಾಗುವುದು ನಮ್ಮೂರಿನಲ್ಲಿ ಮಾತ್ರ ಆಗುವ ಸಂಗತಿಯಲ್ಲ. ಅಮೆರಿಕದ ಪ್ರಸಿದ್ಧ ಗಾಯಕಿ ಲಿಂಡಾ ರಾನ್‌ಸ್ಟಾಟ್ ತಮಗೆ ಪಾರ್ಕಿನ್ಸನ್ ಇದೆ ಎಂದು 2013ರಲ್ಲಿ ತಿಳಿಸಿದ್ದರು. ಅದು ಪಿಎಸ್‌ಪಿ ಎಂದು ಗೊತ್ತಾಗಿ ಅವರು ಹೇಳಿಕೊಂಡದ್ದು 2019ರಲ್ಲಿ. ಶುರುವಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪಿಎಸ್‌ಪಿಯ ಒಂದು ಬಗೆಯಲ್ಲಂತೂ ಕೈ ನಡುಕವಿರುತ್ತದೆ, ಮಾತ್ರೆಗೂ ಸ್ವಲ್ಪ ಕಾಲ ಗುಣ ಕಾಣುತ್ತದೆ. ಆದ್ದರಿಂದ ಮೊದಲ ಡಾಕ್ಟರ ಮೇಲೆ ಕೋಪ ಮಾಡಿಕೊಳ್ಳುವ ಮೊದಲು ಇದು ನಿಮಗೆ ತಿಳಿದಿರಲಿ.

ಹಾಗಾದರೆ ಕಣ್ಣು ನೋಡಿ ಯಾವ ನರರೋಗ ಬೇಕಾದರೂ ಹೇಳಬಹುದೇ? ಇಲ್ಲ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ವಯಸ್ಸಾದವರಲ್ಲಿ ಕಣ್ಣು ಪೂರ್ತಿ ಮೇಲಕ್ಕೆ ಹೋಗದಿರುವುದು ಸಾಮಾನ್ಯ. ಆರೋಗ್ಯವಾಗಿರುವ 75 ವರ್ಷದ ಅಜ್ಜನಿಗೂ ಅದು ಇರಬಹುದು. ಕೆಳಗೆ ಹೋಗದಿರುವುದು ಮಾತ್ರ ವಯಸ್ಸಿನ ಲಕ್ಷಣವಲ್ಲ. ಪಾರ್ಕಿನ್ಸನ್‌ನಲ್ಲಿ ಕಣ್ಣಿನ ಜಿಗಿತದ ವೇಗ ಹೆಚ್ಚುಕಡಿಮೆ ಸರಿಯೇ ಇರುತ್ತದೆ, ಜಿಗಿತ ಗುರಿಗಿಂತ ಸ್ವಲ್ಪ ಹಿಂದೆ ನಿಲ್ಲುತ್ತದೆ. ಹಂಟಿಂಗ್ಟನ್ ಎಂಬ ಇನ್ನೊಂದು ಮಿದುಳಿನ ಕಾಯಿಲೆಯಲ್ಲಿ ಜಿಗಿತ ಶುರುವಾಗುವುದೇ ಕಷ್ಟ. ರೆಪ್ಪೆ ಬಡಿದು ಅಥವಾ ತಲೆಯನ್ನೇ ಒಗೆದಂತೆ ತಿರುಗಿಸಿ ನೋಟ ಬದಲಿಸುತ್ತಾರೆ. ಆಲ್‌ಝೈಮರ್‌ನ ಒಂದು ಬಗೆಯಲ್ಲಿ ಕಣ್ಣುಗುಡ್ಡೆ ಎಲ್ಲ ಕಡೆಗೂ ಓಡಾಡುತ್ತದೆ, ಆದರೆ ಎದುರಿಗಿರುವ ಲೋಟ ‘ಸಿಗುವುದಿಲ್ಲ’. ಅವರೂ ಕನ್ನಡಕದ ಅಂಗಡಿಗೆ ಅಲೆದು ಅಲೆದು ಕೊನೆಗೆ ನಮ್ಮ ಹತ್ತಿರ ಬರುತ್ತಾರೆ.

ನಮ್ಮ ದೇಶದ ವೈದ್ಯರಿಗೂ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಮುಂಬೈಯ ನೋಶಿರ್ ವಾಡಿಯಾ ತಮ್ಮ ಸಹೋದ್ಯೋಗಿ ಸ್ವಾಮಿಯವರ ಜೊತೆ 1971ರಲ್ಲಿ ಒಂಬತ್ತು ಕುಟುಂಬಗಳ ಬಗ್ಗೆ ಬರೆದರು. ಕುಡಿದವರಂತೆ ತೂರಾಡುವ ನಡಿಗೆ, ಜೊತೆಗೆ ಬಹಳ ನಿಧಾನವಾದ ಕಣ್ಣಿನ ಚಲನೆ, ಅದೂ ತಲೆಮಾರಿನಿಂದ ತಲೆಮಾರಿಗೆ. ಇವತ್ತು ಅದನ್ನು ಎಸ್‌ಸಿಎ 2 ಎಂದು ಕರೆಯುತ್ತಾರೆ. ಅದರ ಜೀನ್ ಸಿಕ್ಕಿದ್ದು 1996ರಲ್ಲಿ. ಕಾಲು ಶತಮಾನ ಮೊದಲೇ ಬರೀ ಕಣ್ಣಿನ ವೇಗ ನೋಡಿ ಇದು ಬೇರೆಯೇ ಕಾಯಿಲೆ ಎಂದು ವಾಡಿಯಾ ಗುರುತಿಸಿದ್ದರು. ಅದರಲ್ಲಿ ನಿಧಾನವಾಗುವುದು ಹೆಚ್ಚಾಗಿ ಎಡ ಬಲದ ಚಲನೆ. ನಿಮ್ಮ ತಂದೆಯವರದು ಆ ಕಥೆಯಲ್ಲ. ಆದರೂ ಮನೆತನದಲ್ಲಿ ತೂರಾಡಿ ನಡೆಯುವವರು ಇದ್ದಾರೆಯೇ ಎಂದು ಡಾಕ್ಟರು ಕೇಳಿದ್ದರೆ ಅದಕ್ಕೆ ಕಾರಣ ಇದು.

ಈಗ ಮುಖ್ಯವಾದ ಮಾತು. ಪಿಎಸ್‌ಪಿ ಎಂದು ಒಪ್ಪಿಕೊಳ್ಳುವ ಮುಂಚೆ, ಚಿಕಿತ್ಸೆ ಇರುವ ಬೇರೇನೂ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಎಂಆರ್‌ಐ ಬರೆದದ್ದು ಬಹುಮಟ್ಟಿಗೆ ಇದಕ್ಕೇ. ಮಿದುಳಿನೊಳಗೆ ನೀರು ತುಂಬಿ ನಡಿಗೆ ಕೆಡುವುದುಂಟು, ಅದಕ್ಕೆ ಶಂಟ್ (ಆ ನೀರನ್ನು ಹೊರಗೆ ಹರಿಸುವ ನಳಿಕೆ) ಹಾಕಿ ಅನುಕೂಲ ಮಾಡಬಹುದು. ನಡುಮಿದುಳಿನಲ್ಲಿ ಚಿಕ್ಕ ಸ್ಟ್ರೋಕ್ ಆಗಿದ್ದರೂ ನೋಟ ಕೆಳಗಿಳಿಯುವುದಿಲ್ಲ, ಆದರೆ ಅದು ಒಂದೇ ದಿನ ಶುರುವಾಗುತ್ತದೆ. ಜಾಸ್ತಿ ಕುಡಿಯುವವರಲ್ಲಿ, ತುಂಬ ದಿನ ವಾಂತಿಯಾದವರಲ್ಲಿ ಬಿ1 ವಿಟಮಿನ್ ಕೊರತೆಯಿಂದ ಕಣ್ಣಿನ ಚಲನೆ, ನಡಿಗೆ, ಬುದ್ಧಿ ಮೂರೂ ಕೆಡುತ್ತವೆ. ತಕ್ಷಣ ಇಂಜೆಕ್ಷನ್ ಕೊಟ್ಟರೆ ಅದು ತಿರುಗುತ್ತದೆ, ತಡ ಮಾಡಿದರೆ ತಿರುಗುವುದಿಲ್ಲ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ನೋಟ ಮೇಲೆ ಕೆಳಗೆ ಹೋಗದಿದ್ದರೆ ನೀಮನ್ ಪಿಕ್ ಸಿ ಎಂಬ ಆನುವಂಶಿಕ ಕಾಯಿಲೆಯನ್ನು ನೆನೆಯಬೇಕು. ಅದನ್ನು ನಿಧಾನಗೊಳಿಸುವ ಔಷಧಿಗಳಿವೆ.

ಇನ್ನೊಂದನ್ನು ನಾನು ನಮ್ಮ ಕಡೆ ಪದೇ ಪದೇ ನೋಡುತ್ತೇನೆ. ತಲೆಸುತ್ತಿಗೆಂದು ಕೊಟ್ಟ ಸಿನ್ನರಿಜಿನ್, ಫ್ಲುನರಿಜಿನ್, ಪ್ರೊಕ್ಲೋರ್‌ಪೆರಜಿನ್ ಮಾತ್ರೆಗಳನ್ನು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗುತ್ತಾರೆ. ಇವು ಪಾರ್ಕಿನ್ಸನ್‌ನಂಥ ಜಡತನ ತರುತ್ತವೆ. ನೋಟ ಕೆಳಗಿಳಿಯದಂತೆ ಮಾಡುವುದಿಲ್ಲ, ಆದರೆ ಇದ್ದ ಕಾಯಿಲೆಯನ್ನು ಇನ್ನಷ್ಟು ಕೆಡಿಸುತ್ತವೆ. ಬೀಳುವವರಿಗೆ ‘ತಲೆಸುತ್ತು’ ಎಂದು ತಿಳಿದು ಇವನ್ನೇ ಕೊಡುವುದೂ ಇದೆ. ತಂದೆಯವರ ಮಾತ್ರೆ ಡಬ್ಬಿಯನ್ನು ಇವತ್ತೇ ಒಮ್ಮೆ ನೋಡಿ. ಇದ್ದರೆ ಡಾಕ್ಟರಿಗೆ ತೋರಿಸಿ.

ಎಂಆರ್‌ಐಯಲ್ಲಿ ನಡುಮಿದುಳು ಸೊರಗಿದ್ದರೆ, ಪಕ್ಕದಿಂದ ನೋಡಿದಾಗ ಅದು ಉದ್ದ ಕೊಕ್ಕಿನ ಹಮ್ಮಿಂಗ್‌ಬರ್ಡ್ ಆಕಾರದಲ್ಲಿ ಕಾಣುತ್ತದೆ. ರಿಪೋರ್ಟಿನಲ್ಲಿ ಆ ಹೆಸರೇ ಬರೆದಿರುತ್ತಾರೆ. ಅದು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಕಾಯಿಲೆ ಇಲ್ಲ ಎಂದಲ್ಲ, ಶುರುವಿನಲ್ಲಿ ಸ್ಕ್ಯಾನ್ ನಾರ್ಮಲ್ ಬರಬಹುದು. ನೂರಕ್ಕೆ ನೂರು ಖಚಿತ ಎನ್ನಲು ಮಿದುಳಿನ ಅಂಗಾಂಶವನ್ನೇ ನೋಡಬೇಕು, ಅದು ವ್ಯಕ್ತಿ ತೀರಿಕೊಂಡ ಮೇಲೆ ಮಾತ್ರ ಸಾಧ್ಯ. ಬದುಕಿರುವಾಗ ನಾವು ಹೇಳುವುದೆಲ್ಲ ‘ಬಹುತೇಕ’ ಎಂಬ ಮಟ್ಟದ್ದು. ನಿಮ್ಮ ಡಾಕ್ಟರು ‘ಇರಬಹುದು’ ಎಂದದ್ದು ಪ್ರಾಮಾಣಿಕ ಮಾತು.

ಪೊರೆ ಆಪರೇಷನ್‌ನಿಂದ ಇದು ಬಂತೇ ಎಂದು ಕೇಳಿದ್ದೀರಿ. ಇಲ್ಲ. ಕಣ್ಣಿನ ಮಸೂರ ಬದಲಾಯಿಸುವುದಕ್ಕೂ ನಡುಮಿದುಳಿಗೂ ಸಂಬಂಧವಿಲ್ಲ. ಕಾಯಿಲೆ ಮೊದಲೇ ಇತ್ತು, ‘ಕಾಣ್ತಿಲ್ಲ’ ಎಂಬ ದೂರಿಗೆ ಪೊರೆ ಸಿಕ್ಕಿತು, ಆಪರೇಷನ್ ಆಯಿತು. ಇನ್ನೊಂದು ಕಣ್ಣಿನ ವಿಷಯಕ್ಕೆ ಬಂದರೆ, ಪೊರೆ ನಿಜವಾಗಿ ದಟ್ಟವಾಗಿದ್ದರೆ ಮಾಡಿಸಿ. ಬೆಳಕಾದರೂ ಚೆನ್ನಾಗಿ ಕಾಣಲಿ, ಬೀಳುವವರಿಗೆ ಅದೂ ಬೇಕು. ಆದರೆ ಓದು, ಊಟ, ಮೆಟ್ಟಿಲು ಸರಿಹೋಗುತ್ತದೆ ಎಂಬ ಆಸೆಯಿಂದ ಮಾಡಿಸಬೇಡಿ. ತೆಳು ಪೊರೆಯಾದರೆ ನಾನಾಗಿದ್ದರೆ ಕಾಯುತ್ತಿದ್ದೆ. ಮಾಡಿಸುವುದಾದರೆ ಪಿಎಸ್‌ಪಿ ಅನುಮಾನವನ್ನು ಸರ್ಜನ್‌ಗೆ ಮೊದಲೇ ಹೇಳಿ. ಕುತ್ತಿಗೆ ಸೆಟೆದವರಿಗೆ ಅಂಗಾತ ಮಲಗುವುದು ಕಷ್ಟ, ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುವುದೂ ಇರುತ್ತದೆ. ಅವರು ಅದಕ್ಕೆ ಸಿದ್ಧವಾಗಿರಬೇಕು.

ಕನ್ನಡಕದ ವಿಷಯ ಇದಕ್ಕಿಂತ ಮುಖ್ಯ. ತಂದೆಯವರದು ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಆಗಿದ್ದರೆ ಇವತ್ತೇ ಬದಲಿಸಿ. ಅವುಗಳಲ್ಲಿ ಓದುವ ಪವರ್ ಕೆಳಗಿರುತ್ತದೆ. ಕಣ್ಣು ಕೆಳಗಿಳಿಯದವರಿಗೆ ಆ ಪವರ್ ಸಿಗುವುದೇ ಇಲ್ಲ. ಮೆಟ್ಟಿಲು ಇಳಿಯುವಾಗ ಹೆಜ್ಜೆ ಇಡುವ ಜಾಗ ಆ ಓದುವ ಭಾಗದ ಎದುರಿಗೆ ಬಂದು ಮಸುಕಾಗುತ್ತದೆ. ಓದಲು ಒಂದು, ಓಡಾಡಲು ಒಂದು, ಬೇರೆ ಬೇರೆ ಕನ್ನಡಕ ಮಾಡಿಸಿ. ನೋಟವನ್ನು ಕೆಳಗೆ ತಿರುಗಿಸುವ ಪ್ರಿಸಮ್ ಕನ್ನಡಕ ಕೆಲವರಿಗೆ ಅನುಕೂಲವಾಗುತ್ತದೆ, ಎಲ್ಲರಿಗೂ ಅಲ್ಲ. ಅಂಗಡಿಯಲ್ಲಿ ಸ್ವಲ್ಪ ಹೊತ್ತು ಹಾಕಿ ನೋಡಿ ನಿರ್ಧರಿಸಿ. ಅದನ್ನು ಹಾಕಿಕೊಂಡು ನಡೆಯುವುದು ಅಪಾಯ.

ಕಣ್ಣು ಕೆಳಗಿಳಿಯದಿದ್ದರೆ ವಸ್ತುವನ್ನೇ ಮೇಲಕ್ಕೆ ತನ್ನಿ. ನೆಲದ ಮೇಲೆ ಕೂತು ಉಣ್ಣುವ ಅಭ್ಯಾಸವಿದ್ದರೆ ಬಿಡಿಸಿ. ಟೇಬಲ್ ಮೇಲೆ ಒಂದು ಮಣೆ ಇಟ್ಟು ಅದರ ಮೇಲೆ ಅಂಚು ಎತ್ತರವಿರುವ ತಟ್ಟೆ ಇಡಿ. ಪೇಪರನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮುಖದ ಎತ್ತರಕ್ಕೆ ತನ್ನಿ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಹಚ್ಚಿ. ಹೊಸ್ತಿಲ ಬಳಿ ಕಾಲೊರೆಸುವ ಮ್ಯಾಟು, ಚಪ್ಪಲಿ, ನಾಯಿಯ ಬಟ್ಟಲು ಏನೂ ಇರಬಾರದು. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ, ಬಿಸಿಲಿಗೆ ಕುಕ್ಕುತ್ತದೆ. ಕಣ್ಣೀರಿನಂಥ ಡ್ರಾಪ್ಸ್ ಹಾಕಿ. ಮುಂದೆ ರೆಪ್ಪೆ ತಾನಾಗಿ ಮುಚ್ಚಿಕೊಂಡು ತೆರೆಯದಂತಾದರೆ ಬೊಟುಲಿನಮ್ ಇಂಜೆಕ್ಷನ್ ಇದೆ. ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ಕೆಲವರಲ್ಲಿ ಅದರಿಂದಲೇ ರೆಪ್ಪೆ ಜೋಲುವುದು, ಕಣ್ಣು ಇನ್ನೂ ಒಣಗುವುದು ಆಗುತ್ತದೆ. ಎರಡೂ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ.

ಮಾತ್ರೆಯ ಬಗ್ಗೆ: ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ಪೂರ್ತಿ ಪ್ರಮಾಣದಲ್ಲಿ, ಕಡಿಮೆ ಎಂದರೂ ಒಂದು ತಿಂಗಳು ಕೊಟ್ಟು ನೋಡಿಯೇ ‘ಕೆಲಸ ಮಾಡಲಿಲ್ಲ’ ಎನ್ನಬೇಕು. ಅರೆಬರೆ ಪ್ರಮಾಣ ಕೊಟ್ಟು ಬಿಟ್ಟಿರುವುದೂ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಉಪಯೋಗವಿಲ್ಲ ಎಂದು ನೀವೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಮೈ ಸೆಟೆದು ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು. ಅಮಾಂಟಡಿನ್ ಎಂಬ ಮಾತ್ರೆ ಕೆಲವರಿಗೆ ಸ್ವಲ್ಪ ಚುರುಕು ಕೊಡುತ್ತದೆ, ಕೆಲವರಿಗೆ ಗೊಂದಲ, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಕಾಯಿಲೆಯನ್ನೇ ತಡೆಯುವ ಔಷಧಿ ಇವತ್ತಿಗೆ ಇಲ್ಲ. ಟಾವ್ ಪ್ರೋಟೀನನ್ನು ಹಿಡಿಯಲೆಂದು ಮಾಡಿದ ಗೊಸುರನೆಮಾಬ್, ಟಿಲವೊನೆಮಾಬ್ ಎಂಬ ಎರಡು ಔಷಧಿಗಳ ಪ್ರಯೋಗ ದೊಡ್ಡ ಮಟ್ಟದಲ್ಲಿ ನಡೆಯಿತು. ಎರಡೂ ಕಾಯಿಲೆಯ ವೇಗವನ್ನು ಕಡಿಮೆ ಮಾಡಲಿಲ್ಲ. ಸ್ಟೆಮ್ ಸೆಲ್ ಕೊಟ್ಟು ಗುಣ ಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ನಿಮಗೂ ಫೋನ್ ಮಾಡಬಹುದು. ಅದು ಕೆಲಸ ಮಾಡುತ್ತದೆ ಎನ್ನಲು ಪುರಾವೆ ಇಲ್ಲ. ಹೊಲ ಮಾರಬೇಡಿ.

ತ್ರಾಟಕದಿಂದ ಸತ್ತ ನರಕೋಶ ಮರಳುವುದಿಲ್ಲ. ಅದರ ಮೇಲೆ ರೆಪ್ಪೆ ಬಡಿಯದೆ ದೀಪ ನೋಡುವುದು ಒಣಗಿದ ಕಣ್ಣಿಗೆ ಹಿಂಸೆ. ಬೇಡ. ನೋಟ ಬದಲಿಸುವ ಅಭ್ಯಾಸವನ್ನು ಫಿಸಿಯೋಥೆರಪಿಸ್ಟ್ ಸಮತೋಲನದ ವ್ಯಾಯಾಮದ ಜೊತೆ ಮಾಡಿಸಿದರೆ ನಡಿಗೆಗೆ ಸ್ವಲ್ಪ ಸಹಾಯವಾಗಬಹುದು, ಅದು ಬೇರೆ ವಿಷಯ.

ಲಕ್ಷ್ಮಣ ಫಲದ ಬಗ್ಗೆ ದಯವಿಟ್ಟು ಗಮನ ಕೊಟ್ಟು ಓದಿ. ಕ್ಯಾನ್ಸರ್‌ನಿಂದ ಹಿಡಿದು ಎಲ್ಲದಕ್ಕೂ ಅದನ್ನು ಮದ್ದು ಎನ್ನುವ ಮಾತು ನಮ್ಮಲ್ಲಿ ಹರಡಿದೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಪಿಎಸ್‌ಪಿಯನ್ನು ಹೋಲುವ ಕಾಯಿಲೆ ಬೇರೆ ಕಡೆಗಿಂತ ಬಹಳ ಹೆಚ್ಚು ಇರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಆ ರೋಗಿಗಳು ಈ ಹಣ್ಣನ್ನೂ ಇದರ ಎಲೆಯ ಕಷಾಯವನ್ನೂ ಹೆಚ್ಚು ಬಳಸುತ್ತಿದ್ದರು. ಇದರಲ್ಲಿರುವ ಅನೊನಾಸಿನ್ ಎಂಬ ಅಂಶ ಪ್ರಯೋಗಾಲಯದಲ್ಲಿ ನರಕೋಶಗಳನ್ನು ಕೊಲ್ಲುವುದು ಕಂಡಿದೆ. ಹಣ್ಣೇ ಕಾರಣ ಎಂದು ಪೂರ್ತಿ ಸಾಬೀತಾಗಿಲ್ಲ. ಯಾವಾಗಲೋ ಒಂದು ಹೋಳು ತಿಂದವರು ಹೆದರಬೇಕಾಗಿಲ್ಲ. ಆದರೆ ಈಗಾಗಲೇ ಇಂಥ ಕಾಯಿಲೆಯ ಅನುಮಾನವಿರುವ ಮನುಷ್ಯರಿಗೆ ಆ ಕಷಾಯವನ್ನು ದಿನಾ ಕುಡಿಸುವುದು ಖಂಡಿತ ಬೇಡ.

ಇನ್ನು ನಿಮ್ಮ ವಿಷಯ. ಪಿಎಸ್‌ಪಿ ಬಹುತೇಕ ವಂಶದಲ್ಲಿ ಬರುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದು ತೀರಾ ಅಪರೂಪ. ಲಕ್ಷಕ್ಕೆ ಸುಮಾರು 5–7 ಮಂದಿಗೆ ಇರುವ ಕಾಯಿಲೆ ಇದು. ರೆಪ್ಪೆ ಅದುರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿದ್ದೆಗೆಡುವುದು, ಜಾಸ್ತಿ ಕಾಫಿ, ಚಿಂತೆ, ಮೊಬೈಲು ಇವೇ ಸಾಮಾನ್ಯ ಕಾರಣ. ನಿಮಗೆ ಇವೆಲ್ಲವೂ ಇರುವಂತಿದೆ. ಅರ್ಧ ಮುಖವೇ ಸೆಳೆದರೆ ಅಥವಾ ತಿಂಗಳುಗಟ್ಟಲೆ ನಿಲ್ಲದಿದ್ದರೆ ಮಾತ್ರ ತೋರಿಸಿ. ಮೊಬೈಲ್ ಆ್ಯಪ್‌ನಲ್ಲಿ ಕಣ್ಣು ಪರೀಕ್ಷಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕ್ಯಾಮೆರಾದಿಂದ ಕಣ್ಣಿನ ಚಲನೆ ಅಳೆಯುವ ಸಂಶೋಧನೆ ಒಳ್ಳೆಯ ದಾರಿಯಲ್ಲಿದೆ, ಆದರೆ ಆರೋಗ್ಯವಾಗಿರುವ ಒಬ್ಬರಿಗೆ ಮುಂದೆ ಕಾಯಿಲೆ ಬರುತ್ತದೋ ಇಲ್ಲವೋ ಎಂದು ಹೇಳುವ ಮಟ್ಟಕ್ಕೆ ಬಂದಿಲ್ಲ. ‘ಕಣ್ಣಿನ ಸ್ಕ್ಯಾನ್‌ನಿಂದ ಏಳು ವರ್ಷ ಮೊದಲೇ ಪಾರ್ಕಿನ್ಸನ್ ಪತ್ತೆ’ ಎಂದು 2023ರಲ್ಲಿ ಬಂದ ಸುದ್ದಿ ಅಕ್ಷಿಪಟಲದ ಪದರದ ಬಗ್ಗೆ, ಕಣ್ಣಿನ ಚಲನೆಯ ಬಗ್ಗೆ ಅಲ್ಲ. ಅದೂ ಸಾವಿರಾರು ಜನರ ಸರಾಸರಿಯಲ್ಲಿ ಕಂಡ ವ್ಯತ್ಯಾಸ.

ಮುಂದೇನು ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಬಿಡುವುದು ಸರಿಯಲ್ಲ. ಪಿಎಸ್‌ಪಿ ಪಾರ್ಕಿನ್ಸನ್‌ಗಿಂತ ವೇಗವಾಗಿ ಮುಂದುವರಿಯುತ್ತದೆ. ಶುರುವಾದ ಮೇಲೆ ಸರಾಸರಿ 6ರಿಂದ 9 ವರ್ಷದ ಬದುಕು ಎನ್ನುತ್ತಾರೆ. ಕೆಲವರು ಅದಕ್ಕಿಂತ ಬಹಳ ಹೆಚ್ಚು ಕಾಲ ಇರುತ್ತಾರೆ. ಈ ರೋಗಿಗಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬಿದ್ದು ಆದ ಪೆಟ್ಟು, ಮತ್ತು ಊಟ ಶ್ವಾಸಕೋಶಕ್ಕೆ ಹೋಗಿ ಬರುವ ನ್ಯುಮೋನಿಯಾ. ಎರಡನ್ನೂ ಮುಂದಕ್ಕೆ ತಳ್ಳಬಹುದು. ಇಲ್ಲಿ ಮನೆಯವರ ಕೈಯಲ್ಲಿ ನಿಜಕ್ಕೂ ಬಹಳಷ್ಟಿದೆ.

ಬೀಳುವುದರ ಬಗ್ಗೆ ಒಂದು ಮಾತು. ಈ ಕಾಯಿಲೆಯವರು ‘ಹುಷಾರು’ ಎಂದು ಎಷ್ಟು ಹೇಳಿದರೂ ಕುರ್ಚಿಯಿಂದ ಒಮ್ಮೆಲೇ ಎದ್ದುಬಿಡುತ್ತಾರೆ, ಹಾಗೇ ಹಿಂದಕ್ಕೆ ಬೀಳುತ್ತಾರೆ. ಹಟದಿಂದಲ್ಲ. ಅಪಾಯವನ್ನು ಅಳೆದು ತಡೆದುಕೊಳ್ಳುವ ಮಿದುಳಿನ ಭಾಗವೂ ಕುಂದಿರುತ್ತದೆ. ಮೇಷ್ಟ್ರಾಗಿದ್ದವರು ಮಾತು ಕೇಳುತ್ತಿಲ್ಲ ಎಂದು ಮನೆಯಲ್ಲಿ ಜಗಳವಾಗುತ್ತಿದ್ದರೆ ಇದನ್ನು ಎಲ್ಲರಿಗೂ ತಿಳಿಸಿ. ಬಚ್ಚಲಿಗೆ, ಪಾಯಿಖಾನೆಗೆ ಹಿಡಿಕೆ ಹಾಕಿಸಿ. ಬರೀ ಕೋಲು ಸಾಲದು, ಮುಂಭಾಗ ಭಾರವಾಗಿರುವ ವಾಕರ್ ಬೇಕು. ಸ್ಕೂಟರ್ ಇನ್ನೂ ಓಡಿಸುತ್ತಿದ್ದರೆ ಕೀಲಿ ತೆಗೆದಿಡಿ.

ನೀರು ಕುಡಿಯುವಾಗ ಕೆಮ್ಮು ಬರುತ್ತಿದೆಯೇ ಗಮನಿಸಿ. ಬರುತ್ತಿದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ನಿಮಗೆ ಮೈಸೂರು ಹತ್ತಿರ, ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ನುಂಗುವಿಕೆ ಎರಡಕ್ಕೂ ತಜ್ಞರಿದ್ದಾರೆ. ನೀರಿನಂಥದ್ದನ್ನು ಗಟ್ಟಿ ಮಾಡಿ ಕೊಡುವುದು, ಗದ್ದ ಎದೆಗೆ ತಾಗಿಸಿ ನುಂಗುವುದು, ಇಂಥವನ್ನು ಅವರವರ ತೊಂದರೆಗೆ ತಕ್ಕಂತೆ ಹೇಳಿಕೊಡುತ್ತಾರೆ. ಮುಂದೆ ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡುವ ಪ್ರಶ್ನೆ ಬರಬಹುದು. ಅದರಿಂದ ತೂಕ ಉಳಿಯುತ್ತದೆ, ನ್ಯುಮೋನಿಯಾ ಪೂರ್ತಿ ತಪ್ಪುವುದಿಲ್ಲ. ತಂದೆಯವರಿಗೆ ಏನು ಬೇಕು, ಏನು ಬೇಡ ಎಂದು ಅವರು ಮಾತಾಡಬಲ್ಲ ಈ ದಿನಗಳಲ್ಲೇ ಕೇಳಿಟ್ಟುಕೊಳ್ಳಿ. ಕೇಳುವುದು ಕಷ್ಟ, ಗೊತ್ತು. ಆಸ್ಪತ್ರೆಯ ತುರ್ತು ಘಟಕದ ಬಾಗಿಲಲ್ಲಿ ನಿಂತು ನಿರ್ಧರಿಸುವುದು ಇನ್ನೂ ಕಷ್ಟ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಚಲನೆಯ ಕಾಯಿಲೆಗಳಿಗೇ ಪ್ರತ್ಯೇಕ ಕ್ಲಿನಿಕ್ ಇರುವ ಕಡೆ ಹೋಗಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥದ್ದಿದೆ. ಹೋಗುವಾಗ ಎಂಆರ್‌ಐ ಸಿ.ಡಿ. ಒಯ್ಯಿರಿ, ಬರೀ ರಿಪೋರ್ಟು ಸಾಲದು. ಇದುವರೆಗಿನ ಎಲ್ಲ ಮಾತ್ರೆಗಳ ಪಟ್ಟಿ, ಯಾವುದನ್ನು ಎಷ್ಟು ಪ್ರಮಾಣದಲ್ಲಿ ಎಷ್ಟು ದಿನ ಕೊಟ್ಟಿರಿ ಎಂಬುದು ಇರಲಿ. ತಂದೆಯವರು ನಡೆಯುವುದು, ಕುರ್ಚಿಯಿಂದ ಏಳುವುದು, ಊಟ ಮಾಡುವುದು ಮೂರನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿ. ಹಳೆಯ ಮದುವೆ ವಿಡಿಯೋ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಐದು ವರ್ಷದ ಹಿಂದೆ ಅವರ ಮುಖ, ರೆಪ್ಪೆ, ನಡಿಗೆ ಹೇಗಿತ್ತು ಎಂದು ನೋಡಿದರೆ ಕಾಯಿಲೆ ಯಾವಾಗ ಶುರುವಾಯಿತು ಎಂಬುದು ಡಾಕ್ಟರಿಗೆ ನಿಮ್ಮ ನೆನಪಿಗಿಂತ ಚೆನ್ನಾಗಿ ತಿಳಿಯುತ್ತದೆ.